ಅರ್ಧ ದಿನ ಹಿಡಿಯುವ ಕ್ಲಿನಿಕ್: ಕರಾವಳಿಯ ಒಂದು ಹೆಂಗಸರ ಆಸ್ಪತ್ರೆಯ ಪರಾಮರ್ಶೆ

ಕುಮಟೆಗೂ ಹೊನ್ನಾವರಕ್ಕೂ ನಡುವೆ, ಹೆದ್ದಾರಿಯಿಂದ ಒಳಗಿಳಿದ ಅಡ್ಡರಸ್ತೆಯೊಂದರಲ್ಲಿ ಈ ಕ್ಲಿನಿಕ್ ಇದೆ. ಸುತ್ತಲಿನ ಊರುಗಳಲ್ಲಿ ಇದರ ಬಗ್ಗೆ ಎರಡು ಮಾತು ಓಡಾಡುತ್ತವೆ. ‘ಡಾಕ್ಟ್ರಮ್ಮ ಭಾರೀ ಚಲೋ’ ಎಂಬುದು ಒಂದು. ‘ಅಲ್ಲಿ ಹೋದ್ರೆ ಅರ್ಧ ದಿನ ಹೋಯ್ತು’ ಎಂಬುದು ಇನ್ನೊಂದು. ಎರಡೂ ನಿಜ, ಎರಡಕ್ಕೂ ಕಾರಣ ಒಂದೇ. ಹೊಸಬರಿಗೆ 20 ನಿಮಿಷ, ಮರುಭೇಟಿಗೆ 10 ನಿಮಿಷ ಎಂದು ಲೆಕ್ಕ ಹಾಕಿಯೇ ಇಲ್ಲಿ ಟೋಕನ್ ಕೊಡುತ್ತಾರೆ. ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಒಂದೂವರೆವರೆಗೆ 16ಕ್ಕಿಂತ ಹೆಚ್ಚು ಟೋಕನ್ ಇಲ್ಲ. ಕ್ಲಿನಿಕ್ಕಿನ ಹೆಸರು ಬೇಕೆಂದೇ ಬರೆಯುತ್ತಿಲ್ಲ. ಇರುವುದು ಒಬ್ಬರೇ ಡಾಕ್ಟರು, ಜನ ನುಗ್ಗಿದರೆ ಆ 20 ನಿಮಿಷವೂ ಉಳಿಯುವುದಿಲ್ಲ.

ಕೌಂಟರಿನಲ್ಲಿ ಕೇಳುವುದು ಹೆಸರು, ವಯಸ್ಸು, ಊರು, ಫೋನ್ ನಂಬರು ಅಷ್ಟೇ. ‘ಏನಾಗಿದೆ?’ ಎಂಬ ಪ್ರಶ್ನೆ ಅಲ್ಲಿಲ್ಲ. ಹತ್ತು ಜನ ಕೂತ ಹಾಲಿನಲ್ಲಿ ‘ಬಿಳಿ ಮುಟ್ಟು ಹೋಗ್ತದೆ’ ಎಂದು ಯಾವ ಹೆಂಗಸೂ ಹೇಳುವುದಿಲ್ಲ, ‘ಹೊಟ್ಟೆನೋವು’ ಎನ್ನುತ್ತಾಳೆ. ಬೇರೆ ಕಡೆಗಳಲ್ಲಿ ಅದೇ ಚೀಟಿಗೆ ಇಳಿಯುತ್ತದೆ, ಹೊಟ್ಟೆನೋವಿನ ಮಾತ್ರೆಯೇ ಸಿಗುತ್ತದೆ, ಕಾಯಿಲೆ ಇದ್ದಲ್ಲೇ ಇರುತ್ತದೆ. ಇಲ್ಲಿ ಮಾತು ಶುರುವಾಗುವುದು ಬಾಗಿಲು ಹಾಕಿದ ಮೇಲೆ. ಗಂಡ, ಅತ್ತೆ, ಅಮ್ಮ ಯಾರೇ ಜೊತೆಗೆ ಬಂದಿರಲಿ, ಮೊದಲ ಐದು ನಿಮಿಷ ಅವರು ಹೊರಗೆ. ‘ಎಲ್ಲರಿಗೂ ಇದೇ ಪದ್ಧತಿ ಅಮ್ಮಾ, ಆಮೇಲೆ ಕರೀತೇವೆ’ ಎಂದು ಸಿಸ್ಟರ್ ಮೊದಲೇ ಹೇಳಿಬಿಡುವುದರಿಂದ ಯಾರಿಗೂ ಮುಖ ಸಣ್ಣದಾಗುವುದಿಲ್ಲ. ಆಯ್ದ ಕೆಲವರನ್ನು ಮಾತ್ರ ಹೊರಗೆ ಕಳಿಸಿದ್ದರೆ ಮನೆಗೆ ಹೋದ ಮೇಲೆ ಆ ಹೆಂಗಸಿಗೇ ವಿಚಾರಣೆ ನಡೆಯುತ್ತಿತ್ತು. ‘ಮನೆಯಲ್ಲಿ ಯಾರಾದ್ರೂ ಕೈ ಮಾಡ್ತಾರಾ?’ ಎಂಬ ಪ್ರಶ್ನೆಗೂ ಜಾಗ ಆ ಐದು ನಿಮಿಷವೇ.

ಇನ್ನೊಂದು ಪ್ರಶ್ನೆಯನ್ನೂ ಇಲ್ಲಿ ತಿರುಗಿಸಿ ಕೇಳುತ್ತಾರೆ. ‘ಮದುವೆ ಆಗಿದ್ಯಾ?’ ಎಂಬುದರ ಉತ್ತರದಿಂದ ವೈದ್ಯಕೀಯವಾಗಿ ತಿಳಿಯುವುದು ಕಡಿಮೆ. ಸಂಬಂಧ ಇದೆಯೇ, ಬಸಿರಿನ ಸಾಧ್ಯತೆ ಇದೆಯೇ ಎಂದು ನೇರವಾಗಿ ಕೇಳಬೇಕು, ಕೇಳುವ ಮೊದಲು ಗುಟ್ಟು ಎಲ್ಲಿಯವರೆಗೆ ಉಳಿಯುತ್ತದೆ ಎಂಬುದನ್ನೂ ಹೇಳಬೇಕು. 18 ತುಂಬದವರ ವಿಷಯದಲ್ಲಿ ಪೋಕ್ಸೋ, ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಕಾಯ್ದೆಯಡಿ, ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಆದರೆ ಗರ್ಭಪಾತ ಕೇಳಿ ಬಂದ ಹುಡುಗಿ ಮತ್ತು ಅವಳ ಪೋಷಕರು ಬಯಸಿದರೆ ಆ ವರದಿಯಲ್ಲಿ ಅವಳ ಹೆಸರು ಬಿಡಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಇದನ್ನು ಮಾತು ಶುರುವಾಗುವ ಮೊದಲೇ ತಿಳಿಸುವ ಡಾಕ್ಟರು ಅಪರೂಪ. ಇವರು ತಿಳಿಸುತ್ತಾರೆ.

ಗೋಡೆಯ ಮೇಲಿನ ಫಲಕದಲ್ಲಿರುವುದು ಎಂ.ಬಿ.ಬಿ.ಎಸ್., ಎಂ.ಎಸ್. ಎಂಬ ಎರಡೇ ಪದವಿ. ಅದರ ಹಿಂದೆ ನಾಲ್ಕೂವರೆ ವರ್ಷ ಓದು, 1 ವರ್ಷ ಇಂಟರ್ನ್‌ಶಿಪ್, 3 ವರ್ಷ ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗ, ಒಟ್ಟು ಎಂಟೂವರೆ ವರ್ಷ. ಅಷ್ಟು ವರ್ಷಗಳಲ್ಲಿ ಕೈ ಪಳಗುತ್ತದೆ. ನಾಲಿಗೆ ಪಳಗಿಸುವ ಪಾಠ ಬಹಳ ಕಾಲ ಪಠ್ಯದಲ್ಲೇ ಇರಲಿಲ್ಲ. ನಡವಳಿಕೆ, ನೀತಿ, ಸಂವಹನದ ಪಾಠ ಎಂ.ಬಿ.ಬಿ.ಎಸ್.ಗೆ ಕಡ್ಡಾಯವಾಗಿ ಸೇರಿದ್ದು 2019ರಲ್ಲಿ. ಅದಕ್ಕೂ ಮೊದಲಿನವರು ಕಲಿತದ್ದು ತುಂಬಿ ತುಳುಕುವ ಹೆರಿಗೆ ಕೋಣೆಗಳಲ್ಲಿ, ಸೀನಿಯರುಗಳ ಗದರಿಕೆಯ ನಡುವೆ. ಹೊಟ್ಟೆಯ ಮೇಲೆ ಕೈಯಿಟ್ಟು ಮಗುವನ್ನು ಕೆಳಗೆ ಒತ್ತುವುದು, ಚೊಚ್ಚಲ ಹೆರಿಗೆ ಎಂದ ಕೂಡಲೇ ಕೆಳಗೆ ಕತ್ತರಿ ಹಾಕುವುದು, ನೋವಿನಲ್ಲಿ ಕೂಗಿದವಳನ್ನು ಬೈಯುವುದು, ಇವೆಲ್ಲ ಯಾರೂ ಬರೆದುಕೊಡದೆ ಕೈಯಿಂದ ಕೈಗೆ ದಾಟಿ ಬಂದ ವಿದ್ಯೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಹೆರಿಗೆ ಮಾರ್ಗಸೂಚಿ ಮೊದಲ ಎರಡನ್ನೂ ಬೇಡವೆಂದು ಹೇಳಿದೆ. ಹೆರಿಗೆ ಹೊತ್ತಿಗೆ ಅವಳಿಗೆ ಬೇಕಾದ ಒಬ್ಬರು ಜೊತೆಗಿರಬೇಕು ಎಂದಿದೆ. ಸರಕಾರಿ ಆಸ್ಪತ್ರೆಗಳಲ್ಲಿ ಜೊತೆಗಾರ್ತಿಯನ್ನು ಬಿಡಬಹುದೆಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ತಿಳಿಸಿತ್ತು. ಈ ಡಾಕ್ಟರು ತಾಲೂಕು ಮಟ್ಟದ ಸರಕಾರಿ ಸೇವೆ ಮುಗಿಸಿ ಇಲ್ಲಿ ಕೂತವರು. ಕಲಿತದ್ದರಲ್ಲಿ ಬಿಡಬೇಕಾದ್ದನ್ನು ಬಿಡುವುದು ಅವರ ದಾರಿಯ ದೊಡ್ಡ ಪಾಲು ಎಂಬುದು ತಪಾಸಣೆಯ ಕೋಣೆಯಲ್ಲಿ ಗೊತ್ತಾಗುತ್ತದೆ.

ಆ ಕೋಣೆಯ ವಿಷಯ ಸ್ವಲ್ಪ ಬಿಡಿಸಿಯೇ ಬರೆಯಬೇಕು. ಮಂಚದ ಕಾಲುಭಾಗ ಗೋಡೆಯ ಕಡೆಗಿದೆ, ಬಾಗಿಲಿನ ಕಡೆಗಲ್ಲ. ಯಾರಾದರೂ ತಪ್ಪಿ ಬಾಗಿಲು ತೆಗೆದರೂ ಕಾಣುವುದು ತಲೆಯ ಕಡೆ. ಇದಕ್ಕೆ ಖರ್ಚು ಒಂದು ಪೈಸೆಯಿಲ್ಲ, ಆದರೂ ಬಹಳಷ್ಟು ಕಡೆ ಮಂಚ ಉಲ್ಟಾ ಇರುತ್ತದೆ. ಮೊದಲು ಮೂತ್ರಕ್ಕೆ ಹೋಗಿಬರಲು ಹೇಳುತ್ತಾರೆ. ಮೂತ್ರಚೀಲ ತುಂಬಿದ್ದರೆ ಒತ್ತಿದಾಗ ನೋಯುತ್ತದೆ, ಗರ್ಭಕೋಶದ ಗಾತ್ರದ ಅಂದಾಜೂ ತಪ್ಪುತ್ತದೆ. ಸೀರೆ ಉಟ್ಟವರು ಬಿಚ್ಚಬೇಕಿಲ್ಲ, ಮೇಲೆತ್ತಿದರೆ ಸಾಕು. ಚೂಡಿದಾರದವರಿಗೆ ಒಗೆದ ಪಂಚೆ ಕೊಟ್ಟು ಡಾಕ್ಟರು ಪರದೆಯಾಚೆ ಹೋಗುತ್ತಾರೆ. ಅಷ್ಟು ಹೊತ್ತೂ ಸಿಸ್ಟರ್ ಒಳಗಿರುತ್ತಾರೆ.

ಯೋನಿಯೊಳಗೆ ನೋಡಲು ಬಳಸುವ ಸ್ಪೆಕ್ಯುಲಮ್ ಎಂಬ ಕೊಕ್ಕಿನಾಕಾರದ ಸಲಕರಣೆ ಮೂರು ಸೈಜಿನಲ್ಲಿ ಬರುತ್ತದೆ. ಮಧ್ಯಮದ್ದು ಎಲ್ಲರಿಗೂ ಆಗುತ್ತದೆ ಎಂಬ ನಂಬಿಕೆಯೇ ಅರ್ಧ ನೋವಿಗೆ ಕಾರಣ. ಹೆರಿಗೆಯಾಗದವರಿಗೆ, ಮುಟ್ಟು ನಿಂತು ವರ್ಷಗಳಾದವರಿಗೆ ಸಣ್ಣದೇ ಬೇಕು. ಇಲ್ಲಿ ಟ್ರೇಯಲ್ಲಿ ಮೂರೂ ಇರುತ್ತವೆ, ಹಾಕುವ ಮುಂಚೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದುತ್ತಾರೆ. ಅದನ್ನು ಓರೆಯಾಗಿ ಹಿಡಿದು ಬೆನ್ನಿನ ಕಡೆಗೆ ಇಳಿಜಾರಾಗಿ ಒಳಬಿಡಬೇಕು. ಮೇಲ್ಮುಖವಾಗಿ ನೂಕಿದರೆ ಮೂತ್ರನಾಳ ಮೂಳೆಗೆ ಒತ್ತಿ ಜೀವ ಹೋದ ಹಾಗಾಗುತ್ತದೆ. ಮೈ ಬಿಗಿಯುತ್ತದೆ, ಬಿಗಿದಷ್ಟೂ ನೋವು, ನೋವಾದಷ್ಟೂ ಬಿಗಿತ. ಹಾಗಾಗಿ ‘ಮೈ ಸಡಿಲ ಬಿಡಿ’ ಎಂದು ಬೈಯುತ್ತ ಹೇಳುವುದರಿಂದ ಯಾರ ಮೈಯೂ ಸಡಿಲಾಗಿದ್ದಿಲ್ಲ. ಈ ಡಾಕ್ಟರು ತೊಡೆ ಮುಟ್ಟುವ ಮೊದಲೇ ‘ಈಗ ಮುಟ್ತೇನೆ’ ಎನ್ನುತ್ತಾರೆ, ‘ಬೇಡ ಅಂದ್ರೆ ನಿಲ್ಲಿಸ್ತೇನೆ’ ಎನ್ನುತ್ತಾರೆ, ಬೇಡವೆಂದಾಗ ನಿಜವಾಗಿ ನಿಲ್ಲಿಸುತ್ತಾರೆ. ಮತ್ತೊಂದು ದಿನ ಬನ್ನಿ ಎನ್ನಲು ಅವರಿಗೆ ಸಂಕೋಚವಿಲ್ಲ, ಆ ಮತ್ತೊಂದು ದಿನಕ್ಕೆ ಫೀಸೂ ಇಲ್ಲ.

ಅದಕ್ಕಿಂತ ಮುಖ್ಯ, ಒಳತಪಾಸಣೆ ಬೇಡದ ಕಡೆ ಅದನ್ನು ಮಾಡುವುದೇ ಇಲ್ಲ. ಬಸಿರು ತಡೆಯುವ ಗುಳಿಗೆಗೆ, ಅಂತರಾ ಚುಚ್ಚುಮದ್ದಿಗೆ ಬೇಕಾದದ್ದು ಪೂರ್ವಾಪರ ವಿಚಾರಣೆ ಮತ್ತು ರಕ್ತದೊತ್ತಡದ ಅಳತೆ. ಕಾಪರ್-ಟಿಗೆ ಮಾತ್ರ ಒಳಗೆ ನೋಡಲೇಬೇಕು.

ಬಳಸಿದ ಸಲಕರಣೆ ಏನಾಗುತ್ತದೆ ಎಂದು ನೋಡುವ ಅಭ್ಯಾಸ ಎಲ್ಲರಿಗೂ ಇರಬೇಕು. ಇಲ್ಲಿ 1 ಲೀಟರ್ ನೀರಿಗೆ 3 ಚಮಚ, ಅಂದರೆ 15 ಗ್ರಾಂ ಬ್ಲೀಚಿಂಗ್ ಪುಡಿ ಕದಡಿದ ಬಕೆಟ್ಟಿದೆ. ಅದರಲ್ಲಿ 10 ನಿಮಿಷ, ಆಮೇಲೆ ಸೋಪಿನ ನೀರು, ಬ್ರಷ್ಷು, ಕೊನೆಗೆ ಬಿಸಿ ಆವಿಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್. ಬಟ್ಟೆ ಸುತ್ತಿದ್ದಕ್ಕೆ 121 ಡಿಗ್ರಿಯಲ್ಲಿ 30 ನಿಮಿಷ, ಸುತ್ತದೆ ಇಟ್ಟದ್ದಕ್ಕೆ 20. ಹತ್ತು ನಿಮಿಷ ಮೀರಿ ಬಕೆಟ್ಟಿನಲ್ಲೇ ಬಿಟ್ಟರೆ ಸ್ಟೀಲು ತಿಂದುಹೋಗಿ ಅಂಚು ತರಿಯಾಗುತ್ತದೆ. ದ್ರಾವಣವನ್ನು ದಿನಾ ಹೊಸದಾಗಿ ಮಾಡಬೇಕು. ನಮ್ಮ ಮಳೆಗಾಲದ ತೇವಕ್ಕೆ ಡಬ್ಬಿಯೊಳಗಿನ ಪುಡಿಯೇ ಶಕ್ತಿಗುಂದಿರುತ್ತದೆ, ಮುಚ್ಚಳ ಬಿಗಿಯಿಲ್ಲದಿದ್ದರೆ ಕೇಳುವುದೇ ಬೇಡ.

ಕಾಪರ್-ಟಿ ಹಾಕಿಸಿಕೊಳ್ಳಲು ‘ಮುಟ್ಟಾದಾಗಲೇ ಬಾ’ ಎಂದು ವಾಪಸು ಕಳಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಬಸಿರಿಲ್ಲವೆಂದು ಖಾತ್ರಿಯಿದ್ದರೆ ತಿಂಗಳ ಯಾವ ದಿನವಾದರೂ ಹಾಕಬಹುದು. ಮುಟ್ಟು ಶುರುವಾಗಿ 12 ದಿನದೊಳಗಾದರೆ ಬೇರೆ ಖಾತ್ರಿಯೂ ಬೇಕಿಲ್ಲ. ಮುಟ್ಟಾದಾಗ ಬಸ್ಸು ಹತ್ತಿ ಬರುವುದೇ ಕಷ್ಟ, ದೂರ ಕೂರುವ ಮನೆಗಳಲ್ಲಿ ಹೊರಬೀಳುವುದೂ ಕಷ್ಟ, ಅಷ್ಟರೊಳಗೆ ಇನ್ನೊಂದು ಬಸಿರು ನಿಂತಿರುತ್ತದೆ. ಇಲ್ಲಿ ಬಂದ ದಿನವೇ ಹಾಕುತ್ತಾರೆ. ನೋವು ಎಲ್ಲೆಲ್ಲಿ ಬರುತ್ತದೆಂದು ಮೊದಲೇ ಹೇಳುತ್ತಾರೆ: ಗರ್ಭಕಂಠವನ್ನು ಇಕ್ಕಳದಲ್ಲಿ ಹಿಡಿದಾಗ ಒಂದು ಚಿಮುಟು, ಅಳತೆಕಡ್ಡಿ ಹೋದಾಗ ಮುಟ್ಟಿನ ನೋವಿನಂಥ ಹಿಂಡಿತ, ಕಾಪರ್-ಟಿ ಕೂತಾಗ ಇನ್ನೊಮ್ಮೆ. ಇಕ್ಕಳ ಹಾಕುವ ಗಳಿಗೆಯಲ್ಲಿ ಒಮ್ಮೆ ಕೆಮ್ಮಲು ಹೇಳುವುದು ಹಳೆಯ ಉಪಾಯ, ಆದರೂ ಉಪಕಾರಿ. ಆಮೇಲೆ ಐದು ನಿಮಿಷ ಮಲಗಿಯೇ ಇರಬೇಕು. ಗರ್ಭಕಂಠ ಎಳೆದಾಗ ಕೆಲವರಿಗೆ ನಾಡಿ ಇಳಿದು ಕಣ್ಣು ಕತ್ತಲೆ ಬರುತ್ತದೆ, ಗಡಬಡಿಸಿ ಎಬ್ಬಿಸಿದರೆ ಬೀಳುತ್ತಾರೆ. ದಾರವನ್ನು ತೀರಾ ಗಿಡ್ಡ ಕತ್ತರಿಸಿದರೆ ಗಂಡನಿಗೆ ಚುಚ್ಚುತ್ತದೆ, 2-3 ಸೆಂ.ಮೀ. ಬಿಟ್ಟರೆ ಮೆತ್ತಗೆ ಮಡಚಿಕೊಳ್ಳುತ್ತದೆ. 380ಎ ಮಾದರಿ 10 ವರ್ಷ, 375 ಮಾದರಿ 5 ವರ್ಷ. ಯಾವುದು ಹಾಕಿದ್ದು, ಯಾವ ವರ್ಷ ತೆಗೆಸಬೇಕು ಎಂದು ಬರೆದ ಚೀಟಿ ಕೊಡುತ್ತಾರೆ, ಮಗಳ ಮದುವೆ ಹೊತ್ತಿಗೆ ಆ ಚೀಟಿ ಎಲ್ಲಿರುತ್ತದೋ ದೇವರೇ ಬಲ್ಲ.

ಅಂತರಾ ಮತ್ತು ಬಸಿರು ತಡೆಯುವ ಛಾಯಾ ಗುಳಿಗೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತವೆ ಎಂದು ಈ ಡಾಕ್ಟರು ತಾವೇ ಹೇಳಿ ಅಲ್ಲಿಗೆ ಕಳಿಸುತ್ತಾರೆ. ಅಂತರಾ ಎಂದರೆ 150 ಮಿ.ಗ್ರಾಂ. ಚುಚ್ಚುಮದ್ದು, 3 ತಿಂಗಳಿಗೊಮ್ಮೆ. ಚುಚ್ಚಿದ ಜಾಗ ತಿಕ್ಕಬಾರದು, ಬಿಸಿನೀರಿನ ಶಾಖ ಕೊಡಬಾರದು. ಕೊಟ್ಟರೆ ಮದ್ದು ಬೇಗ ಕರಗಿಬಿಡುತ್ತದೆ. ತಾರೀಕು ತಪ್ಪಿದರೆ 4 ವಾರದವರೆಗೆ ಮುಂದಿನದ್ದನ್ನು ಕೊಡಬಹುದು. ಘಟ್ಟದ ಮೇಲಿನವರು ಅಡಿಕೆ ಸುಲಿಯುವ ದಿನಗಳಲ್ಲಿ ತಪ್ಪಿಸುವುದೇ ಹೆಚ್ಚು, ಅದಕ್ಕೇ ಈ ನಾಲ್ಕು ವಾರದ ಮಾತನ್ನು ಒತ್ತಿ ಹೇಳಬೇಕು. ಮುಟ್ಟು ಏರುಪೇರಾಗಿ ಆಮೇಲೆ ನಿಂತೇಹೋಗುವುದು ಸಾಮಾನ್ಯ. ‘ಕೆಟ್ಟ ರಕ್ತ ಒಳಗೇ ಉಳೀತದೆ’ ಎಂದು ಹೆದರಿ ಅರ್ಧಕ್ಕೆ ಬಿಡುವವರಿಗೆ, ಒಳಪದರವೇ ತೆಳ್ಳಗಾಗಿರುವುದರಿಂದ ಹೋಗಲು ಏನೂ ಇರುವುದಿಲ್ಲ ಎಂದು ಚಿತ್ರ ಬರೆದು ತೋರಿಸುತ್ತಾರೆ. ಕೊನೆಯ ಚುಚ್ಚುಮದ್ದಿನಿಂದ ಲೆಕ್ಕ ಹಾಕಿದರೆ ಮತ್ತೆ ಬಸಿರಾಗಲು 7ರಿಂದ 10 ತಿಂಗಳು ಬೇಕಾಗುವುದುಂಟು. ಮುಂದಿನ ವರ್ಷವೇ ಮಗು ಬೇಕೆಂದವರಿಗೆ ಇದು ಸರಿಹೋಗದು. ಛಾಯಾ ಮೊದಲ 3 ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ದಿನ ಮರೆಯುವುದೇ ಅದರ ದೋಷ. ಕುಮಟೆ ಸಂತೆಯೋ, ಮನೆದೇವರ ವಾರವೋ, ಗುರುತಿಗೆ ಒಂದು ದಿನ ಹಿಡಿದುಕೊಂಡವರು ಮರೆಯುವುದಿಲ್ಲ.

ಬಸಿರು ಬೇಡವೆಂದು ಬಂದವಳ ಜೊತೆ ಹೇಗೆ ಮಾತಾಡುತ್ತಾರೆ ಎಂಬುದೇ ಇಂಥ ಕ್ಲಿನಿಕ್ಕಿನ ಒರೆಗಲ್ಲು. 1971ರ ಗರ್ಭಪಾತ ಕಾಯ್ದೆ, ಅದರ 2021ರ ತಿದ್ದುಪಡಿ ಎರಡನ್ನೂ ಇಲ್ಲಿ ಗೌರವದಿಂದ ಪಾಲಿಸುತ್ತಾರೆ. 18 ತುಂಬಿದವಳ ಸಹಿ ಒಂದೇ ಸಾಕು, ಗಂಡನ ಸಹಿ ಕಾನೂನು ಕೇಳುವುದಿಲ್ಲ. ಕೇಳುವ ಆಸ್ಪತ್ರೆಗಳು ತಮ್ಮ ಧೈರ್ಯಕ್ಕೆ ಕೇಳುತ್ತವೆ. 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ, ಕೆಲವು ನಿಗದಿತ ಸಂದರ್ಭಗಳಲ್ಲಿ 24ರವರೆಗೆ ಇಬ್ಬರದು. ಇಲ್ಲಿ ಮಾಡುವುದು 12 ವಾರದೊಳಗಿನದು ಮಾತ್ರ. 9 ವಾರದೊಳಗಾದರೆ ಮಾತ್ರೆ: ಮೊದಲು ಮಿಫೆಪ್ರಿಸ್ಟೋನ್, ಒಂದೂವರೆ ದಿನದಿಂದ ಎರಡು ದಿನ ಬಿಟ್ಟು ಮಿಸೊಪ್ರೊಸ್ಟಾಲ್. ಅದಕ್ಕೂ ಮೊದಲು ಸ್ಕ್ಯಾನ್ ಮಾಡಿ ಬಸಿರು ಗರ್ಭಕೋಶದೊಳಗೇ ಇದೆ ಎಂದು ನೋಡುತ್ತಾರೆ. ನಾಳದಲ್ಲಿ ನಿಂತ ಬಸಿರಿಗೆ ಈ ಮಾತ್ರೆ ತಾಗುವುದಿಲ್ಲ, ಮೆಡಿಕಲ್ ಶಾಪಿನಿಂದ ನೇರ ತಂದು ನುಂಗುವವರ ಜೀವಕ್ಕೆ ಅಪಾಯ ಬರುವುದು ಅಲ್ಲೇ. ಎರಡು ಗಂಟೆ ಎಡೆಬಿಡದೆ ಗಂಟೆಗೆ ಎರಡೆರಡು ದಪ್ಪ ಪ್ಯಾಡು ತೊಯ್ದರೆ ಕೂಡಲೇ ಆಸ್ಪತ್ರೆ ಸೇರಬೇಕು. ಆದ್ದರಿಂದ ಡಾಕ್ಟರು ಕೇಳುವ ಮೊದಲ ಪ್ರಶ್ನೆ ‘ಮನೆ ಎಲ್ಲಿ?’. ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲಿ ಗುಡ್ಡ ಜರಿದರೆ, ಅಂಕೋಲೆಯ ಶಿರೂರಿನಲ್ಲಿ 2024ರ ಜುಲೈನಲ್ಲಿ ಆದ ಹಾಗೆ ಹೆದ್ದಾರಿಯೇ ಮುಚ್ಚಿಹೋದರೆ, 108 ಬಂದು ಮುಟ್ಟುವುದು ಯಾವಾಗ? ದೂರದವರಿಗೆ ಎರಡನೆಯ ಮಾತ್ರೆಯ ದಿನ ಪೇಟೆಯ ನೆಂಟರ ಮನೆಯಲ್ಲಿ ಉಳಿಯಲು ಹೇಳುತ್ತಾರೆ. ನೆಂಟರಿಗೆ ತಿಳಿಯಬಾರದು ಎಂದಾದರೆ ಆ ದಿನ ಕ್ಲಿನಿಕ್ಕಿನಲ್ಲೇ ಮಲಗಿಸಿಕೊಳ್ಳುತ್ತಾರೆ.

ಮಾತ್ರೆ ಆಗದವರಿಗೆ ಗರ್ಭಕೋಶದೊಳಗಿನದನ್ನು ಕೈಪಂಪಿನಿಂದ ಹೀರಿ ತೆಗೆಯುವ ವಿಧಾನ. ಹರಿತವಾದ ಚಮಚದಲ್ಲಿ ಕೆರೆಯುವ ಹಳೆಯ ಕ್ರಮ ಬಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿ ಎಷ್ಟೋ ಕಾಲವಾಯಿತು, ಊರಲ್ಲಿ ಮಾತ್ರ ಅದಕ್ಕೆ ‘ಕ್ಲೀನ್ ಮಾಡ್ಸೋದು’ ಎಂಬ ಹೆಸರು ಗಟ್ಟಿಯಾಗಿದೆ. ಮುಂಚೆ ಅರ್ಧದಿಂದ ಒಂದು ಗಂಟೆ ಇರುವಾಗ ನೋವಿನ ಮಾತ್ರೆ, ಗರ್ಭಕಂಠದ ಸುತ್ತ ಮರಗಟ್ಟಿಸುವ ಲಿಗ್ನೊಕೇನ್ ಚುಚ್ಚುಮದ್ದು, ಅದು ಹಿಡಿಯಲು ಎರಡು-ಮೂರು ನಿಮಿಷ ಕಾಯುವುದು. ಈ ಕಾಯುವಿಕೆ ತಪ್ಪಿಸಿದರೆ ಚುಚ್ಚಿದ್ದು ದಂಡ. ದಾಖಲೆ ಪುಸ್ತಕ ಬೀಗದೊಳಗಿರುತ್ತದೆ. ಕಾನೂನಿನ ಪ್ರಕಾರ ಅದು ಗುಪ್ತ ದಾಖಲೆ.

ಗರ್ಭಕೋಶ ಜಾರಿದವರು ಈ ಕರಾವಳಿಯಲ್ಲಿ ಕಡಿಮೆಯಿಲ್ಲ. ಮೀನಿನ ಬುಟ್ಟಿ, ಸಾಣಿಕಟ್ಟೆಯ ಆಗರದ ಉಪ್ಪಿನ ಬುಟ್ಟಿ, ಗದ್ದೆ ನೆಟ್ಟಿ, ಬಾಣಂತನ ಮುಗಿಯುವ ಮೊದಲೇ ಕೊಡಪಾನ. ‘ಅಂಗ ಜಾರಿದೆ’ ಎಂದು ಹೇಳಲು ಹತ್ತು ವರ್ಷ ತೆಗೆದುಕೊಂಡವರಿಗೆ ಆಪರೇಷನ್ ಒಂದೇ ದಾರಿ ಎನ್ನುವುದು ಸರಿಯಲ್ಲ. ಇಲ್ಲಿ ಜಾರಿದ್ದನ್ನು ಒಳಗೆ ಎತ್ತಿ ಹಿಡಿಯುವ ಬಳೆಯಂಥ ರಿಂಗ್ ಪೆಸರಿ ಕೂರಿಸುತ್ತಾರೆ. ಬೆರಳಿನಿಂದ ಒಳಗಿನ ಹಿಂತುದಿಯಿಂದ ಮುಂದಿನ ಮೂಳೆಯವರೆಗೆ ಅಳತೆ ತೆಗೆದು ಸೈಜು ಆರಿಸುವುದು, ಕೂರಿಸಿದ ಮೇಲೆ ರಿಂಗಿಗೂ ಗೋಡೆಗೂ ನಡುವೆ ಒಂದು ಬೆರಳು ಆಡುತ್ತದೆಯೇ ನೋಡುವುದು. ಆಮೇಲೆ ನಡೆಸುತ್ತಾರೆ, ಕುಕ್ಕರಗಾಲಲ್ಲಿ ಕೂರಿಸುತ್ತಾರೆ, ಕೆಮ್ಮಿಸುತ್ತಾರೆ, ಮೂತ್ರಕ್ಕೆ ಹೋಗಿಬರಲು ಹೇಳುತ್ತಾರೆ. ಸಣ್ಣದಾದರೆ ಕಕ್ಕಸಿನಲ್ಲಿ ಮುಕ್ಕಿದಾಗ ಬಿದ್ದುಹೋಗುತ್ತದೆ, ದೊಡ್ಡದಾದರೆ ಮೂತ್ರ ಕಟ್ಟುತ್ತದೆ. ಈ ನಾಲ್ಕು ಪರೀಕ್ಷೆ ಮಾಡದೆ ಮನೆಗೆ ಕಳಿಸಿದ ರಿಂಗು ವಾರದಲ್ಲಿ ಹಿತ್ತಿಲಿನಲ್ಲಿರುತ್ತದೆ. 3 ತಿಂಗಳಿಗೊಮ್ಮೆ ತೆಗೆದು ಒಳಗೆ ಹುಣ್ಣಾಗಿದೆಯೇ ನೋಡಲೇಬೇಕು. ಮುಟ್ಟು ನಿಂತವರಿಗೆ ವಾರಕ್ಕೆರಡು ಸಲ ಈಸ್ಟ್ರೋಜನ್ ಕ್ರೀಮ್ ಹಚ್ಚಿದರೆ ಹುಣ್ಣು ಕಡಿಮೆ.

ಅತಿರಕ್ತಸ್ರಾವಕ್ಕೂ ಇದೇ ತಾಳ್ಮೆ. ಹಿಮೋಗ್ಲೋಬಿನ್, ಥೈರಾಯ್ಡ್, ಸ್ಕ್ಯಾನ್, 45 ದಾಟಿದವರಿಗೆ ಒಳಪದರದ ತುಣುಕಿನ ಪರೀಕ್ಷೆ. ಹೆಚ್ಚು ಹೋಗುವ ದಿನಗಳಿಗೆ ಮಾತ್ರ ರಕ್ತ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ, ಸಾಲದಿದ್ದರೆ ಕಾಪರ್-ಟಿಯ ಹಾಗೆ ಕೂರಿಸುವ, ಹಾರ್ಮೋನ್ ಇರುವ ಒಳಸಾಧನ. ಗರ್ಭಕೋಶ ತೆಗೆಸುವ ಮಾತು ಬರುವುದು ಇವೆಲ್ಲ ಆದ ಮೇಲೆ. ‘ಮಕ್ಕಳಾಯ್ತಲ್ಲ, ಇನ್ನೆಂತಕ್ಕೆ ಅದು’ ಎಂದು ಮನೆಯವರೇ ಒತ್ತಾಯಿಸಿದರೂ ಡಾಕ್ಟರು ಜಗ್ಗುವುದಿಲ್ಲ.

ಇನ್ನು ದೂರುಗಳು. ಟೋಕನ್ನಿಗೆ ಫೋನ್ ಮಾಡಬೇಕಾದದ್ದು ಬೆಳಿಗ್ಗೆ ಎಂಟರಿಂದ ಒಂಬತ್ತರೊಳಗೆ, ಆ ಒಂದು ತಾಸು ಲೈನ್ ಸಿಗುವುದೇ ಪುಣ್ಯ. ತಪಾಸಣೆಯ ಮಂಚ ಎತ್ತರ. ಗಂಟುನೋವಿನ ಅಜ್ಜಿಯರು ಎರಡು ಮೆಟ್ಟಿಲ ಸ್ಟೂಲು ಹತ್ತಲು ಪಡುವ ಪಾಡು ನೋಡಲಾಗದು, ರಿಂಗ್ ಬದಲಿಸಲು ಬರುವವರು ಅವರೇ. ಸಿಸ್ಟರಿಗೆ ಕೊಂಕಣಿ ಚೆನ್ನಾಗಿ ಬರುತ್ತದೆ, ಭಟ್ಕಳದ ಕಡೆಯ ನವಾಯತಿ ಬರುವವರು ಯಾರೂ ಇಲ್ಲ. ಕೊಡುವ ಕರಪತ್ರದ ಕನ್ನಡ ‘ಋತುಸ್ರಾವದ ಅನಿಯಮಿತತೆ’ ಎಂಬ ಧಾಟಿಯದು. ಹೆಂಗಸರ ಮಾತನ್ನು ಅವರ ಬಾಯಿಂದಲೇ ಬರೆದುಕೊಳ್ಳುವ ಡಾಕ್ಟರು ಇದನ್ನು ಹೇಗೆ ಒಪ್ಪಿದರೋ. ಗರ್ಭಕಂಠದ ಕ್ಯಾನ್ಸರಿಗೆ ವಿನಿಗರ್ ಹಚ್ಚಿ ಒಂದು ನಿಮಿಷ ಕಾದು ನೋಡುವ ಪರೀಕ್ಷೆ ಇದೆ, 30 ದಾಟಿದವರಿಗೆ ತಾವಾಗಿಯೇ ಹೇಳುತ್ತಾರೆ; ಆ ಕ್ಯಾನ್ಸರ್ ತರುವ ವೈರಸ್ಸನ್ನು ಹುಡುಕುವ ಎಚ್‌ಪಿವಿ ಪರೀಕ್ಷೆ ಇಲ್ಲ.

ದೊಡ್ಡ ಕೊರತೆ ಮಕ್ಕಳಾಗದವರ ವಿಷಯದಲ್ಲಿ. ಒಂದು ವರ್ಷ, ಹೆಂಗಸಿಗೆ 35 ದಾಟಿದ್ದರೆ ಆರು ತಿಂಗಳು ನೋಡಿ ತಪಾಸಣೆ ಶುರುಮಾಡಬೇಕು, ಮೊದಲು ಆಗಬೇಕಾದದ್ದು ಗಂಡನ ವೀರ್ಯ ಪರೀಕ್ಷೆ. 2ರಿಂದ 7 ದಿನ ತಡೆದು, ಒಂದು ತಾಸಿನೊಳಗೆ ಲ್ಯಾಬಿಗೆ ತಲುಪಿಸಬೇಕು. ಬಿಸಿಲಿನ ಬೈಕಿನ ಡಿಕ್ಕಿಯಲ್ಲಿಟ್ಟು ತಂದರೆ ಫಲಿತಾಂಶ ಕೆಡುತ್ತದೆ. ಡಾಕ್ಟರು ಚೀಟಿ ಬರೆಯುತ್ತಾರೆ, ಆದರೆ ಹೊರಗೆ ಕೂತ ಗಂಡನನ್ನು ಕರೆದು ಎದುರು ಕೂರಿಸಿ ಹೇಳುವುದಿಲ್ಲ. ಚೀಟಿಯನ್ನು ಹೆಂಡತಿಯ ಕೈಗೆ ಕೊಡುತ್ತಾರೆ. ಅದನ್ನು ಮನೆಯಲ್ಲಿ ತೆಗೆದು ತೋರಿಸುವ ಕಷ್ಟ ಅವಳದೇ ಆಗುತ್ತದೆ, ಎಷ್ಟೋ ಸಲ ಚೀಟಿ ಪರ್ಸಿನಲ್ಲೇ ಉಳಿದು ಅವಳಿಗೆ ಮಾತ್ರೆ ಮೇಲೆ ಮಾತ್ರೆ ನಡೆಯುತ್ತದೆ. ಎಲ್ಲರಿಗೂ ಒಂದೇ ಪದ್ಧತಿ ಎಂದು ಐದು ನಿಮಿಷ ಹೊರಗೆ ಕೂರಿಸಬಲ್ಲವರು, ಎಲ್ಲರಿಗೂ ಒಂದೇ ಪದ್ಧತಿ ಎಂದು ಗಂಡಂದಿರನ್ನು ಐದು ನಿಮಿಷ ಒಳಗೆ ಕೂರಿಸುವುದು ಕಷ್ಟವೇನಲ್ಲ.

ಹೆರಿಗೆ ಇಲ್ಲಿಲ್ಲ. ಬಸುರಿಯರ ತಪಾಸಣೆ ಇದೆ, ಆದರೆ ಪ್ರತಿ ತಿಂಗಳ 9ನೇ ತಾರೀಕು ಸರಕಾರಿ ಆಸ್ಪತ್ರೆಯಲ್ಲಿ ನಡೆಯುವ ತಪಾಸಣೆ ತಪ್ಪಿಸಬೇಡಿ ಎನ್ನುತ್ತಾರೆ. ಹೋಗುವವರು ತಾಯಿ ಕಾರ್ಡು, ಹಳೆಯ ಸ್ಕ್ಯಾನ್, ಈಗ ನುಂಗುತ್ತಿರುವ ಮಾತ್ರೆಗಳ ಖಾಲಿ ಸ್ಟ್ರಿಪ್ ಒಯ್ಯಿರಿ. ಮಧ್ಯಾಹ್ನದ ಬಸ್ಸನ್ನು ನಂಬಬೇಡಿ, ಮೂರು ಗಂಟೆಯದಕ್ಕೆ ಲೆಕ್ಕ ಹಾಕಿ.